ಆನೆ ನಡೆದರೂ ಒಡೆಯದ ಟೈಲ್ಸ್ ಮೇಲೆ ನಮ್ಮ ಏಕಾದಶಿ

ಬೀದರದ ಟೈಲ್ಸ್ ಅಂಗಡಿಯ ಮಾಲೀಕರೂ, ಊರ ಹೊರಗಿನ ಕೊಳಾರದಲ್ಲಿ ಅಷ್ಟು ದೊಡ್ಡ ಗೋದಾಮು ಉಳ್ಳವರೂ, ಮಾತಿನಲ್ಲೇ ಅರ್ಧ ನೆಲ ಹಾಸಿಬಿಡಬಲ್ಲ ಸಮರ್ಥರೂ ಆದ ಶ್ರೀ ಸುಶೀಲಕುಮಾರ ಅವರ ಸನ್ನಿಧಾನಕ್ಕೆ, ತಾವು ಈ ಪತ್ರ ಓದುವಾಗ ನಿಂತಿರುವ ನೆಲವಾದರೂ ಗಟ್ಟಿಯಾಗಿರಲಿ ಎಂಬ ಹಾರೈಕೆಯೊಂದಿಗೆ, ಭಾಲ್ಕಿಯ ಜಾನಕಿಬಾಯಿಯ ನಮಸ್ಕಾರಗಳು.

ಮಾನ್ಯರೇ,

ನಮ್ಮದು ಹಳೆಯ ಮನೆ. ಕಲ್ಲಿನ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಗವಾನಿ ಹಲಗೆ. ಆ ಹಲಗೆಯೇ ನಮ್ಮ ಮಹಡಿಯ ನೆಲ. ಹಲಗೆಯ ಸಂದಿನಿಂದ ಕೆಳಗಿನ ಅಡುಗೆಮನೆಗೆ ಧೂಳು ಉದುರಿ ಜೋಳದ ಹಿಟ್ಟಿನೊಳಗೆ ಬೀಳುತ್ತದೆ ಎಂಬುದು ನಮ್ಮ ಯಜಮಾನರಾದ ನಾರಾಯಣರಾಯರ ಬಹುದಿನದ ಕೊರಗು. ಅವರು ರೊಟ್ಟಿ ತಿನ್ನುವವರೇ ಹೊರತು ಬಡಿಯುವವರಲ್ಲ, ಆದರೂ ಹಿಟ್ಟಿನ ಚಿಂತೆ ನನಗಿಂತ ಅವರಿಗೇ ಹೆಚ್ಚು. ಆ ಚಿಂತೆಯೇ ನಮ್ಮಿಬ್ಬರನ್ನೂ ತಮ್ಮ ಅಂಗಡಿಯ ಬಾಗಿಲಿಗೆ ತಂದಿತು.

ತಮ್ಮ ಅಂಗಡಿಯಲ್ಲಿ ಕುಳಿತು ತಮ್ಮ ಚಹಾ ಕುಡಿಯುತ್ತ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. "ಕೆಳಗ ಕಟ್ಟಿಗಿ ಅದ ರೀ, ನಡುವ ಏನರ ಹಾಕಬೇಕೇನ್ರಿ?" ತಾವು ನಕ್ಕಿರಿ. ಎಷ್ಟು ಪ್ರೀತಿಯಿಂದ ನಕ್ಕಿರೆಂದರೆ, ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. "ಕಾಕೂ, ನಮ್ಮ ಟೈಲ್ಸ್ ಮ್ಯಾಲ ಆನಿ ನಡದ್ರೂ ಏನೂ ಆಗಂಗಿಲ್ರಿ, ಬೇಫಿಕೀರ್ ಇರ್ರಿ" ಎಂದು ಅಪ್ಪಣೆ ಕೊಡಿಸಿದಿರಿ. ನಮ್ಮ ಯಜಮಾನರು ಆನೆಯ ಮಾತು ಕೇಳಿದ ಮೇಲೆ ಮತ್ತೆ ನನ್ನ ಮಾತು ಕೇಳಲಿಲ್ಲ.

ತಾವು ಕಳಿಸಿದ ಗೌಂಡಿಗಳ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕಟ್ಟಿಗೆಗೂ ಸ್ಲ್ಯಾಬಿಗೂ ಭೇದ ಎಣಿಸದ ಸಮದೃಷ್ಟಿ ಅವರದು. ಹಲಗೆಯ ಮೇಲೆ ಕೊಡಗಟ್ಟಲೆ ನೀರು ಹೊಯ್ದು, ಸಿಮೆಂಟಿನ ತೆಳ್ಳನೆಯ ಹಾಲು ಸುರಿದು, ಅದರ ಮೇಲೆ ಗಾರೆ ಹಾಕಿ ಟೈಲ್ಸ್ ಕೂಡಿಸಿದರು. ಹಲಗೆ ಕುಡಿಯುವಷ್ಟು ಕುಡಿದು ಮಿಕ್ಕದ್ದನ್ನು ಕೆಳಗೆ ನನ್ನ ಸಾರಿನ ಪಾತ್ರೆಗೆ ದಾಟಿಸಿತು. ಧೂಳು ಬೀಳದಂತೆ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಧೂಳಿನ ಬದಲು ಸಿಮೆಂಟನ್ನೇ ಬೀಳಿಸಿದ ತಮ್ಮ ಔದಾರ್ಯವನ್ನು ನಾವು ಮರೆಯುವ ಹಾಗಿಲ್ಲ. ಆದರೂ ನೆಲ ಹೊಳೆಯಿತು, ಸುಳ್ಳು ಹೇಳಬಾರದು. ಯಜಮಾನರು ಅದರಲ್ಲಿ ಮುಖ ನೋಡಿಕೊಂಡು ಇಲ್ಲದ ಕೂದಲನ್ನು ಬಾಚಿಕೊಂಡರು.

ಇನ್ನು ಆ ಮಹಡಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ತಾವು ಕೇಳಲಿಲ್ಲ, ಆದ್ದರಿಂದ ಈಗ ಹೇಳುತ್ತೇನೆ. ಪ್ರತಿ ಏಕಾದಶಿಗೆ ನಮ್ಮ ಓಣಿಯ ಹೆಂಗಸರು ಅಲ್ಲಿ ವಿಠ್ಠಲನ ಭಜನೆಗೆ ಸೇರುತ್ತೇವೆ. ಕುಳಿತು ಹಾಡುವ ಭಜನೆಯಲ್ಲ. ಕೈಯಲ್ಲಿ ತಾಳ ಹಿಡಿದು, ಸುತ್ತುಗಟ್ಟಿ, ಹೆಜ್ಜೆ ಮುಂದಿಟ್ಟು ಹಿಂದೆ ಸರಿದು, ಬರಿಗಾಲಲ್ಲಿ ನೆಲ ತುಳಿದು ಹಾಡುವುದು. ಇದಕ್ಕೆ ನಮ್ಮಲ್ಲಿ ಪಾವಲಿ ಅನ್ನುತ್ತಾರೆ. ನಮ್ಮ ಹಲಗೆಯ ನೆಲ ಪ್ರತಿ ಹೆಜ್ಜೆಗೂ ತುಸು ಬಾಗಿ ಮೇಲೇಳುತ್ತಿತ್ತು, ಮೃದಂಗದ ಜೊತೆ ತಾನೂ ನುಡಿಯುತ್ತಿತ್ತು.

ಎದುರು ಮನೆಯ ಈರಮ್ಮನೂ ಬರುತ್ತಾಳೆ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವಳಲ್ಲ, ಆದರೆ ಏಕಾದಶಿಗೆ ನಮ್ಮಲ್ಲಿ ಎಲ್ಲರಿಗಿಂತ ಮೊದಲು ಹಾಜರು. ಯಾರಾದರೂ ಛೇಡಿಸಿದರೆ, "ವಿಠ್ಠಲ ನಿಮ್ಮಾಂವ ಇರಲಿ, ಹೆಜ್ಜಿ ನಂದು" ಅನ್ನುತ್ತಿದ್ದಳು. ಒಂದು ಜ್ವರದಲ್ಲಿ ಅವಳ ಕಿವಿ ಪೂರ್ತಿ ಹೋಯಿತು. ಇನ್ನು ಬರಲಾರಳು ಎಂದುಕೊಂಡಿದ್ದೆವು. ಆದರೆ ಅವಳು ಬಂದಳು, ಒಂದು ಹೆಜ್ಜೆಯೂ ತಪ್ಪಲಿಲ್ಲ. ನಮ್ಮ ಕಾಲಿನ ಪೆಟ್ಟು ಹಲಗೆಯೊಳಗೆ ಓಡಿಬಂದು ಅವಳ ಅಂಗಾಲಿಗೆ ತಾಳ ಮುಟ್ಟಿಸುತ್ತಿತ್ತು. ಅಂದಿನಿಂದ ಈರಮ್ಮನಿಗೆ ಆ ಹಲಗೆಯೇ ಕಿವಿ.

ಮಾನ್ಯರೇ, ಆ ಕಿವಿಯ ಮೇಲೆ ತಾವು ಟೈಲ್ಸ್ ಹಾಸಿದಿರಿ.

ಮೊದಲ ಏಕಾದಶಿಗೆ ತಮ್ಮ ಆನೆ ಬರಲಿಲ್ಲ, ನಾವೇ ಬಂದೆವು. ಎರಡನೆಯ ಅಭಂಗಕ್ಕೆ ನೆಲ ಟಕ್ ಎಂದಿತು, ಮೂರನೆಯದಕ್ಕೆ ಗೋಡೆಯಿಂದ ಗೋಡೆಗೆ ಬಿರುಕು ಹರಿಯಿತು. ಅದನ್ನು ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ಸುತ್ತಿನ ನಡುವೆ ಈರಮ್ಮನ ಹೆಜ್ಜೆ ತಪ್ಪಿತು. ಎಲ್ಲರೂ ಮುಂದೆ ಸರಿದಾಗ ಅವಳು ಹಿಂದೆ, ಹಿಂದೆ ಸರಿದಾಗ ಮುಂದೆ. ಪಕ್ಕದವಳಿಗೆ ಡಿಕ್ಕಿ ಹೊಡೆದು, ಕಾಲು ನೋಡಿಕೊಂಡು, "ಜಾನಕಿ, ನೆಲ ಸುಮ್ಮನಾಗ್ಯದ" ಎಂದಳು. ತಾಳವನ್ನು ಗೂಡಿನಲ್ಲಿಟ್ಟು ಮನೆಗೆ ಹೋದಳು. ಮುಂದಿನ ಏಕಾದಶಿಗೆ ಅವಳ ಬಾಗಿಲು ತೆರೆಯಲಿಲ್ಲ. ನನಗೆ ತಮ್ಮ ಮೇಲೆ ಬಂದ ಸಿಟ್ಟನ್ನು ಈ ಸಭ್ಯ ಕನ್ನಡದಲ್ಲಿ ಬರೆಯಲು ಆಗದು, ಬೀದರದ ಕನ್ನಡದಲ್ಲಿ ಬರೆದರೆ ತಾವು ಓದಲಾರಿರಿ.

ಫೋನು ಮಾಡಿದಾಗ ತಾವು ಕೊಟ್ಟ ಪರಿಹಾರವಂತೂ ಚಿನ್ನದಂಥದ್ದು. "ಕಾಕೂ, ಭಜನಿ ಕುಂತು ಮಾಡ್ರಿ. ಕಟ್ಟಿಗಿ ಅಳ್ಳಾಡಿದ್ರ ನಾವೇನ್ ಮಾಡೋದ್ರಿ?" ಆಹಾ! ಅಂದು ಕಟ್ಟಿಗೆಯ ಮಾತೆತ್ತಿದಾಗ ನಕ್ಕವರು ಇಂದು ಕಟ್ಟಿಗೆಯನ್ನೇ ಗುರುತಿಸಿದಿರಿ. ಆದ್ದರಿಂದ ನನ್ನ ಕೆಲವು ಸಣ್ಣ ಬೇಡಿಕೆಗಳನ್ನೂ ಪರಾಂಬರಿಸಬೇಕು. ಮಳೆಗಾಲದಲ್ಲಿ ಉಬ್ಬಬಾರದು, ಬೇಸಿಗೆಯಲ್ಲಿ ಕುಗ್ಗಬಾರದು ಎಂದು ನಮ್ಮ ಸಾಗವಾನಿಗೆ ಬುದ್ಧಿ ಹೇಳಲು ಒಬ್ಬ ಸಮರ್ಥರನ್ನು ಕಳಿಸಿರಿ. ಮೊಣಕಾಲುಳ್ಳ, ತುಳಿದರೆ ಬಾಗಿ ಮತ್ತೆ ಏಳುವ ಟೈಲ್ಸ್ ಇದ್ದರೆ ತೋರಿಸಿರಿ. ಅದಾವುದೂ ಆಗದಿದ್ದರೆ ತಾವೇ ಪ್ರತಿ ಏಕಾದಶಿಗೆ ಬಂದು, ನೆಲಕ್ಕೆ ಅಂಗಾತ ಮಲಗಿ, ಈರಮ್ಮನ ಅಂಗಾಲಿಗೆ ಕೈಯಿಂದ ತಾಳ ತಟ್ಟುವ ಕೃಪೆ ಮಾಡಿರಿ.

ಇಷ್ಟರಲ್ಲಿ ಒಂದು ಶುಭ ಸಮಾಚಾರವೂ ಇದೆ. ಕಿಟಕಿಯ ಬಳಿ ಕೆಲವು ಟೈಲ್ಸ್ ಯಾರ ಒತ್ತಾಯವೂ ಇಲ್ಲದೆ ತಾವಾಗಿಯೇ ಎದ್ದು ಬಂದವು. ತಮ್ಮ ಅಂಗಡಿಯ ಕಡೆಯಿಂದ ಆದ ಮೊದಲ ಉಪಕಾರ ಅದು. ಮೊನ್ನೆ ಈರಮ್ಮ ನಮ್ಮಿಂದ ಒಯ್ದಿದ್ದ ಬಟ್ಟಲು ತಿರುಗಿ ಕೊಡಲು ಬಂದವಳು ಆ ಬರಿ ಹಲಗೆ ಕಂಡು ಅದರ ಮೇಲೆ ಹೋಗಿ ನಿಂತಳು. "ತುಳಿ, ಜಾನಕಿ" ಎಂದಳು. ಹಲಗೆಯ ಇನ್ನೊಂದು ತುದಿಯಲ್ಲಿ ನಿಂತು ನಾನು ತುಳಿದೆ. ಅವಳ ಹಿಮ್ಮಡಿ ಎದ್ದಿತು. "ಬಂತು ನೋಡು, ಬಂತು" ಎಂದಳು. ನನಗೆ ಅಳು ಬಂತು, ಮಾನ್ಯರೇ. ಅದಕ್ಕೆ ತಮ್ಮನ್ನು ದೂರುವುದಿಲ್ಲ.

ಕೆಳಗೆ ಯಜಮಾನರು ಅಡುಗೆಮನೆಯ ತೊಲೆಗಳಿಗೆ ಒಂದು ಹಳೆಯ ಧೋತರ ಬಿಗಿದಿದ್ದಾರೆ. ಧೂಳೆಲ್ಲ ಅದರಲ್ಲೇ ನಿಲ್ಲುತ್ತದೆ. ಒಂದು ಧೋತರದಿಂದ ಆಗುವ ಕೆಲಸಕ್ಕೆ ತಮ್ಮ ಗೋದಾಮನ್ನೇ ಮನೆಗೆ ತಂದಿದ್ದೆವು ಎಂದು ಅವರೂ ಈಗ ಒಪ್ಪುತ್ತಾರೆ. ಬರುವ ಏಕಾದಶಿಗೆ ಔರಾದದ ಭಜನಾ ಮಂಡಳಿಯವರನ್ನೂ ಕರೆದಿದ್ದೇವೆ. ಚಪ್ಪಲಿ ಹಾಕಿಕೊಂಡೇ ತುಳಿದು, ಉಳಿದ ಟೈಲ್ಸನ್ನು ಪುಡಿ ಮಾಡಿ ಕೊಡುವುದಾಗಿ ಒಪ್ಪಿದ್ದಾರೆ. ತಾವೂ ತಪ್ಪದೆ ಬರಬೇಕು.

ತಾವು ಒಡೆಯದೆ ಬಿಟ್ಟ ಕೆಲವೇ ವಸ್ತುಗಳಲ್ಲಿ ಒಂದಾದ ವಿಶ್ವಾಸವನ್ನು ಜೋಪಾನ ಮಾಡಿಕೊಂಡಿರುವ,
ತಮ್ಮ ವಿಶ್ವಾಸಿ
ಜಾನಕಿಬಾಯಿ, ಭಾಲ್ಕಿ

ತಾ.ಕ.: ಕಿಟಕಿಯ ಬಳಿಯ ಜಾಗ ಮುಚ್ಚಲು ತಾವು ಕಳಿಸಿದ ಮನುಷ್ಯನಿಗೆ ಚಹಾ ಕೊಟ್ಟು ತಿರುಗಿ ಕಳಿಸಿದ್ದೇವೆ. ಬರುವಾಗ ಆನೆಯನ್ನು ಅವಶ್ಯ ಕರೆತನ್ನಿರಿ, ಪಾವಲಿ ಕಲಿಸುತ್ತೇವೆ. ಆದರೆ ಅದು ಕುಣಿಯುವುದು ತಮ್ಮ ಟೈಲ್ಸ್ ಮೇಲೆಯೇ; ಬರಿ ಹಲಗೆ ಸದ್ಯಕ್ಕೆ ಈರಮ್ಮನಿಗೂ ನನಗೂ ಸಾಲುವಷ್ಟೇ ಇದೆ.