ಮುದುಕನ ಹೊರಸು ಮತ್ತು ತಂತ್ರದ ಶಿಬಿರ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಹೆಂಗಸಿಗೆ ಗಂಡ ಬೇಕೆನ್ನಿಸಬಾರದು, ಮೊಣಕಾಲಿಗೆ ಎಣ್ಣೆ ಬೇಕೆನ್ನಿಸಬೇಕು ಎಂದು ನಮ್ಮ ಕಡೆಯವರ ತೀರ್ಮಾನ. ನನಗೆ ಎರಡೂ ಬೇಕಾಗಿದ್ದವು. ಎಣ್ಣೆಯನ್ನಾದರೆ ಬಾಯಿಬಿಟ್ಟು ಕೇಳಬಹುದಿತ್ತು.

ನಮ್ಮಲ್ಲಿ ಒಂದು ಪದ್ಧತಿ. ಮನೆಗೆ ಸೊಸೆ ಬಂದ ದಿನ ಮಾವನ ಹೊರಸು, ಅಂದರೆ ಮಲಗುವ ಮಂಚ, ಒಳಮನೆಯಿಂದ ಹೊರಗಿನ ಪಡಸಾಲೆಗೆ ಹೋಗುತ್ತದೆ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ನಾಲ್ಕು ಕಾಲಿರುವುದರಿಂದ ತಾನೇ ನಡೆದು ಹೋಗುತ್ತದೋ ಏನೋ. ನಮ್ಮ ಮುದುಕನದೂ ಹೋಯಿತು. ಚಳಿಗಾಲದಲ್ಲಿ ಅವನು ಹೊರಗೆ ಕೆಮ್ಮುತ್ತಿದ್ದ, ನಾನು ಒಳಗೆ ಕೇಳುತ್ತ ಮಲಗಿರುತ್ತಿದ್ದೆ. ಗಂಡಹೆಂಡಿರ ಮಾತುಕತೆ ಎಂದು ಉಳಿದದ್ದು ಅದೊಂದೇ. ಆ ಹೊರಸನ್ನು ಒಳಗೆ ತರಬೇಕೆಂದು ನನಗೆ ಆಸೆ. ಹೇಳುವುದು ಹೇಗೆ? ಮೊಮ್ಮಕ್ಕಳನ್ನು ಕಂಡ ಮುದುಕಿಗೆ ಹುಚ್ಚು ಹಿಡಿಯಿತು ಎಂದಾರು. ಊರವರ ಮಾತು ಬಿಡಿ, ಮುದುಕನೇ ಅಂದುಬಿಟ್ಟರೆ?

ಹಾಗಿರುವಾಗ ಸೊಸೆ ಸುಜಾತಾ, ಇಂಡಿಯಲ್ಲಿ ಗಂಡಹೆಂಡಿರಿಗಾಗಿ ನಡೆಯುವ ತಂತ್ರದ ಶಿಬಿರಕ್ಕೆಂದು ತನ್ನ ಮತ್ತು ನನ್ನ ಮಗನ ಹೆಸರಲ್ಲಿ ದುಡ್ಡು ಕಟ್ಟಿದಳು. ಮೊಬೈಲಿನಲ್ಲಿ ನೋಡಿದ್ದಳಂತೆ. ಸರಿಯಾಗಿ ಶಿಬಿರದ ದಿನವೇ ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕೆ ಬಂತು. ಗ್ಯಾಂಗು ಬಂದ ದಿನ ಮನೆಯಲ್ಲಿ ಹೆಣ ಬಿದ್ದರೂ ಹೊಲ ಬಿಡುವಂತಿಲ್ಲ. ಬಿಟ್ಟರೆ ಅವರು ಪಕ್ಕದ ಹೊಲಕ್ಕೆ ಇಳಿಯುತ್ತಾರೆ. ಇತ್ತ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ.

"ಅತ್ತಿ, ನೀವೂ ಮಾವಾರೂ ಹೋಗಿ ಬರ್ರಿ. ಊಟಾ ಐತಂತ," ಎಂದಳು ನಗು ತಡೆದುಕೊಂಡು.

"ತಂತ್ರ ಅಂದ್ರ ಮಾಟ ಹೌದಿಲ್ಲೋ? ಲಿಂಬಿಕಾಯಿ ಒಯ್ಯಬೇಕೇನು?"

"ಇಂಡಿ ಅಂದ್ರ ಲಿಂಬಿ ಬೆಳ್ಯೂ ಊರು. ಅಲ್ಲಿಗೆ ಯಾರರೆ ಲಿಂಬಿಕಾಯಿ ಒಯ್ತಾರೇನ್ರಿ?"

ದುಡ್ಡು ಹಾಳಾಗಬಾರದೆಂದು ಮುದುಕನೂ ಬಸ್ಸು ಹತ್ತಿದ. ಇಂಡಿಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಚಾಪೆ ಹಾಸಿದ್ದರು. ಉಳಿದವರೆಲ್ಲ ಹರೆಯದ ಜೋಡಿಗಳು. ಕಲಿಸುವ ಹುಡುಗಿ ಮೈಸೂರು ಕಡೆಯವಳು. ತಂತ್ರ ಎಂದರೆ ಮಾಟವಲ್ಲ, ಮೈಯನ್ನು ಕೀಳೆಂದು ಬೈಯದೆ ಅದನ್ನೇ ಗುಡಿ ಎಂದು ತಿಳಿಯುವ ಹಳೆಯ ದಾರಿ ಎಂದಳು. ಎದುರುಬದುರು ಕೂರಬೇಕು, ಕೂಡಿ ಉಸಿರೆಳೆಯಬೇಕು, ಕಣ್ಣಲ್ಲಿ ಕಣ್ಣಿಡಬೇಕು, ಮುಟ್ಟುವ ಮೊದಲು ಕೇಳಬೇಕು, ಅವಸರ ಮಾಡಬಾರದು. ನನಗೆ ನಗು ಬಂತು. ನನ್ನ ಮಕ್ಕಳೆಲ್ಲ ಅವಸರದ ಮಕ್ಕಳೇ, ಅದೂ ಅತ್ತೆ ಪಕ್ಕದ ಕೋಣೆಯಲ್ಲಿ ಎಚ್ಚರವಿದ್ದಾಗ. ಈ ಜನ್ಮದಲ್ಲಿ ನನ್ನನ್ನು ಕೇಳಿ ಮುಟ್ಟಿದವನು ಬಳೆಗಾರನೊಬ್ಬನೇ.

"ಇದರಲ್ಲಿ ಎಲ್ಲಿಗೂ ತಲುಪಬೇಕಾಗಿಲ್ಲ ಅಜ್ಜಿ, ದಾರಿಯೇ ಮುಖ್ಯ," ಎಂದಳು ಹುಡುಗಿ.

"ನಮ್ಮ ಸಿಂದಗಿ ಬಸ್ಸೂ ಹಂಗ ಐತವ್ವ," ಎಂದೆ.

ಎದುರುಬದುರು ಕೂತೆವು. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ನಾನು ನೆಲ ನೋಡುತ್ತಿದ್ದೆ. ಆಮೇಲೆ ಅವನು ಕೂತು ಉಣ್ಣುವುದು, ನಾನು ನಿಂತು ಬಡಿಸುವುದು; ನನಗೆ ಚೆನ್ನಾಗಿ ಗೊತ್ತಿದ್ದದ್ದು ಅವನ ನೆತ್ತಿ. ಈಗ ಮುಖ ನೋಡಿದೆ. ಹುಬ್ಬು ಕಾಡಿನಂತೆ ಬೆಳೆದಿತ್ತು. ಆದರೂ ಕೆಟ್ಟ ಮುಖವೇನಲ್ಲ.

"ಕಣ್ಣ್ ಯಾಕ ಒರಸ್ತೀರಿ?" ಎಂದೆ.

"ಧೂಳ ಬಿದ್ದೈತಿ. ನೀ ಸುಮ್ನ ಉಸರ ಎಳಿ."

"ಈಗ ಎದುರಿಗಿರುವವರ ಹೆಸರು ಹಿಡಿದು, ಮನಸ್ಸಿನಲ್ಲಿರುವ ಒಂದು ಮಾತು ಹೇಳಿ," ಎಂದಳು ಹುಡುಗಿ. ನನಗೆ ಫಜೀತಿ ಆಯಿತು. ನಮ್ಮ ಕಡೆ ಹೆಂಗಸು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾಳೆ, ಅದೂ ನಾಲ್ಕು ಮಂದಿಗೆ ಕೇಳುವಂತೆ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡೆ. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದಕ್ಕೆ ಪ್ರಾಸ ಹುಡುಕುವಷ್ಟರಲ್ಲಿ ಬಾಯಿ ನನ್ನನ್ನು ಬಿಟ್ಟು ಮುಂದೆ ಹೋಯಿತು:

"ಇಂಡಿ ಲಿಂಬಿಕಾಯಿ ಉಪ್ಪಿನಾಗ ಚಂದ,
ಗುರಪ್ಪನವರ ಹೊರಸು ಒಳಮನ್ಯಾಗ ಚಂದ!"

ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಮುದುಕನ ಕಿವಿ ಮೆಣಸಿನಕಾಯಿ ಆದವು. "ಕುಂಡ್ರ ಮಾರಾಯ್ತಿ," ಎಂದ. ತನ್ನ ಸರದಿ ಬಂದಾಗ ಎದ್ದು ಚಪ್ಪಲಿ ಹುಡುಕಿದ.

ಬಸ್ಸಿನಲ್ಲಿ ಅರ್ಧ ದಾರಿವರೆಗೆ ಕಿಟಕಿಯ ಕಡೆಗೇ ಮುಖ. ಕೆಲಸ ಕೆಟ್ಟಿತು, ಹೊರಸು ಇನ್ನು ಪಡಸಾಲೆಯಿಂದ ಓಣಿಗೇ ಹೋದೀತು ಎಂದುಕೊಂಡೆ. ಆಗ ಮುದುಕ, ಹೊರಗಿನ ತೊಗರಿ ಹೊಲಕ್ಕೆ ಹೇಳುವವನಂತೆ ಹೇಳಿದ:

"ನನ್ನ ಜಾಗಾದಾಗ ನೀ ಜ್ವಾಳದ ಚೀಲ ಒಟ್ಟೀದಿ. ನಾ ಏನ್ ಚೀಲದ ಮ್ಯಾಲ ಮಲಗ್ಲೇನು?"

"ಇಷ್ಟ್ ವರ್ಷ ಯಾಕ ಕೇಳ್ಲಿಲ್ರಿ?"

"ನೀ ಒಟ್ಟೀದಿ, ನಾ ಏನ್ ಕೇಳ್ಲಿ?"

ಮರುದಿನ ಬೆಳಿಗ್ಗೆ ಚಹಾಕ್ಕೂ ಇಡದೆ ಆ ಚೀಲಗಳನ್ನು ಎಳೆದು ಎಳೆದು ಹೊರಗಿನ ಕಟ್ಟೆಗೆ ಹಾಕಿದೆ. ಎದುರುಮನೆಯವಳು ಕಸ ಗುಡಿಸುವುದು ಬಿಟ್ಟು ಕೇಳಿದಳು, "ಏನ್ ನಡಿಸೀಯವ್ವಾ ಮುಂಜಮುಂಜಾನೆ?" ಇಂಡಿಯಲ್ಲಿ ಅಷ್ಟು ಮಂದಿಯ ಎದುರು ಒಡಪು ಹಾಕಿ ಬಂದ ಗಟ್ಟಿಗಿತ್ತಿ ನಾನು. "ಜ್ವಾಳಕ್ಕ ನುಸಿ ಹತ್ಯಾವ, ಬಿಸಲಿಗೆ ಹಾಕಾಕತ್ತೇನಿ," ಎಂದೆ.