ಕಾರ್ಡಿನ ಹಿಂಬದಿ

ನಮ್ಮ ಸೋದರಮಾವನಷ್ಟು ಜಗಳಗಂಟ ಗ್ರಂಥಪಾಲಕ ಇಡೀ ಬಸವಕಲ್ಯಾಣದಲ್ಲಿ ಇನ್ನೊಬ್ಬನಿರಲಿಲ್ಲ. ಊರಿಗಿದ್ದ ಗ್ರಂಥಪಾಲಕ ಅವನೊಬ್ಬನೇ ಎಂಬುದನ್ನೂ ವರದಿಗಾರನಾದ ನಾನು ದಾಖಲಿಸಲೇಬೇಕು.

ಎಂಬತ್ತರ ದಶಕದ ಕೊನೆಗೆ ಮೇಲಿನವರಿಗೆ ಲೈಬ್ರರಿಯ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಹುಕಿ ಬಂತು. ಪ್ರೋಗ್ರಾಂ ಬರೆಯಲು ಒಬ್ಬ ತರುಣನನ್ನು ಕಳಿಸಿದರು. ಲೈಬ್ರರಿ ಎಂದರೇನೆಂದು ಅವನಿಗೆ ಕಲಿಸುವ ಕೆಲಸ ಮಾವನ ಪಾಲಿಗೆ ಬಂತು. ಇಬ್ಬರಲ್ಲಿ ಯಾರಿಗೆ ಪಾಪ ಅನ್ನಬೇಕು?

ಮೊದಲ ವಾರ ಮಾವ ಅವನನ್ನು ಕಪಾಟು ಒರೆಸಲು ಹಚ್ಚಿದ. ಎರಡನೆಯ ವಾರ ತರುಣ ಒಂದೇ ಪುಸ್ತಕದ ಐದು ಪ್ರತಿಗಳಲ್ಲಿ ನಾಲ್ಕನ್ನು ಪಟ್ಟಿಯಿಂದ ಅಳಿಸಿದ.

"ಒಂದ ಹೆಸರು ಐದು ಸಲ ಬಂದಿತ್ರಿ. ತಪ್ಪಂತ ತೆಗದೀನ್ರಿ."

"ನಿಮ್ಮನ್ಯಾಗ ಅವಳಿ-ಜವಳಿ ಹುಟ್ಟಿದ್ರ ಒಂದನ್ನ ಹಿತ್ತಲ ತಿಪ್ಪಿಗಿ ಒಗೀತಿರೇನು, ಸಾಹೇಬ?"

ಆಮೇಲೆ ಪುಸ್ತಕ ಮರಳಿಸುವ ತಾರೀಖಿನ ಪ್ರಶ್ನೆ. ನಿಯಮ ಹದಿನೈದು ದಿನ ಎನ್ನುತ್ತಿತ್ತು.

"ಮುಡಬಿ ಹಳ್ಳಿಯವರಿಗಿ ಸುಗ್ಗಿ ರಾಶಿ ಆಗೋತನಕ ಅಂತ ಬರಿ," ಎಂದ ಮಾವ.

"ಕಂಪ್ಯೂಟರಿಗಿ ತಾರೀಖೇ ಬೇಕ್ರಿ."

"ಹಂಗಾದ್ರ ಮಳಿ ಯಾವಾಗ ಬರ್ತದಂತ ಅದಕ್ಕೇ ಕೇಳು."

ನಿಜವಾದ ಜಗಳ ಕಾರ್ಡುಗಳದ್ದು. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು. ಮುಂಬದಿಯಲ್ಲಿ ಹೆಸರು, ಕರ್ತೃ, ಸಂಖ್ಯೆ. ಹಿಂಬದಿಯಲ್ಲಿ, ಜನ ಆ ಪುಸ್ತಕವನ್ನು ಏನೆಂದು ಕೇಳುತ್ತಾರೆ ಎಂಬುದನ್ನು ಮಾವ ಏಕೀಕರಣದ ವರ್ಷದಿಂದಲೂ ಪೆನ್ಸಿಲಿನಲ್ಲಿ ಬರೆಯುತ್ತ ಬಂದಿದ್ದ: 'ಹಸಿರು ರಟ್ಟಿನ ಅಡಿಗಿ ಬುಕ್', 'ಮಾಸ್ತರ ಓದಿ ಅತ್ತಿದ್ದು'. ಲೈಬ್ರರಿ ಇರುವುದೇ ಆ ಹಿಂಬದಿಯಲ್ಲಿ, ಅದನ್ನೂ ಕಂಪ್ಯೂಟರಿಗೆ ಏರಿಸಬೇಕೆಂದು ಹಟ ಹಿಡಿದ. ಅರ್ಜಿ ಬರೆದ. ಮೇಲಿನಿಂದ ಉತ್ತರ ಬಂತು: ಮುಂಬದಿ ಸಾಕು.

ಮಾವ ನಿವೃತ್ತನಾದ ವಾರವೇ ಕಾರ್ಡುಗಳು ಚೀಲ ತುಂಬಿ ರದ್ದಿಗೆ ಹೋದವು. ನಾನು ಹುಮನಾಬಾದಿನಿಂದ ಪತ್ರಿಕೆಗೆ 'ಗ್ರಂಥಾಲಯಕ್ಕೆ ಆಧುನಿಕ ಸ್ಪರ್ಶ' ಎಂದು ನಾಲ್ಕು ಸಾಲು ಕಳಿಸಿದೆ. ಚೀಲಗಳಿಗೆ ಅದರಲ್ಲಿ ಜಾಗ ಸಾಲಲಿಲ್ಲ.

ತಿಂಗಳೊಳಗೆ ತರುಣ ಮಾವನ ಮನೆಗೆ ಓಡಿ ಬಂದ. ಆ ದಿನ ನಾನೂ ಅಲ್ಲಿದ್ದೆ. ಮುಡಬಿಯ ಮುದುಕನೊಬ್ಬ 'ಎತ್ತಿನ ಗೊರಸಿನ ಬುಕ್' ಬೇಕೆಂದು ಬೆಳಗಿನಿಂದ ಕೂತಿದ್ದಾನಂತೆ. ಯಂತ್ರ ಅಂಥದ್ದಿಲ್ಲ ಎನ್ನುತ್ತಿದೆಯಂತೆ. ನಾನು ಸರಿಯಾಗಿ ಕುಳಿತೆ. ಇಂಥ ಅವಕಾಶವನ್ನು ಮಾವ ಬಿಡುವವನೇ?

"ಮೂರನೇ ಕಪಾಟು, ಕೆಳಗಿನ ಸಾಲು," ಎಂದ ಮಾವ. ಅಷ್ಟೇ.

ತರುಣ ಹೊರಟ. ಮಾವ ಗೋಡೆ ಹಿಡಿದು ಎದ್ದು ಬಾಗಿಲತನಕ ಹೋದ.

"ತಮ್ಮಾ, ಬುಕ್ ಕೈಗಿ ಕೊಟ್ಟು ಕಳಿಸಬ್ಯಾಡ. ಅವ್ನಿಗಿ ಓದಾಕ ಬರಲ್ಲ. ಬಾಜೂಕ ಕೂತು ನೀನ ಓದಿ ಹೇಳು. ಸಾವಕಾಶ ಓದು, ಕಿವಿ ಮಂದ ಅವ."