ಕಂಪೈಲರ್ ವಿಳಾಸದ ಖಾಯಮಾತಿ

ಕಚೇರಿಯ ಗಣಕಯಂತ್ರಕ್ಕೆ, ಪ್ರೋಗ್ರಾಮುಗಳನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಕಂಪೈಲರ್ ಎಲ್ಲಿದೆ ಎಂಬುದು ಪ್ರತಿದಿನ ಬೆಳಿಗ್ಗೆ ಮರೆತುಹೋಗಿರುತ್ತಿತ್ತು. ಇದರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ. ಕಪ್ಪು ಪರದೆಯಲ್ಲಿ ಟೈಪಿಸಿದ ವಿಳಾಸವು ಆ ಪರದೆಯನ್ನು ಮುಚ್ಚುವವರೆಗೆ ಮಾತ್ರ ಊರ್ಜಿತ. ಆದ್ದರಿಂದ ಅದನ್ನು ದಿನಾ ಹೊಸದಾಗಿ ಟೈಪಿಸಲು ಒಬ್ಬಾಕೆಯನ್ನು ಹಂಗಾಮಿಯಾಗಿ ನೇಮಿಸಲಾಗಿತ್ತು. ಪ್ರೋಗ್ರಾಮುಗಳನ್ನೂ ಆಕೆಯೇ ಬರೆಯುತ್ತಿದ್ದಳು. ಅದು ನೇಮಕಾತಿ ಆದೇಶದಲ್ಲಿ ಇರಲಿಲ್ಲ.

ಒಂದು ದಿನ ಆಕೆ ಅಧೀಕ್ಷಕರ ಮುಂದೆ ನಿಂತಳು.

"ಸರ್, ಯಂತ್ರ ಶುರುವಾದಾಗ ಓದ್ಕೊಳ್ಳೋ ಫೈಲಲ್ಲಿ ಒಂದೇ ಒಂದು ಸಾಲು ಬರೆದ್ರೆ ಸಾಕು, ವಿಳಾಸ ಖಾಯಂ ಆಗ್ಬಿಡುತ್ತೆ."

ಅಧೀಕ್ಷಕರು ಪೆನ್ನು ಕೆಳಗಿಟ್ಟರು. "ಏನಾಗ್ಬಿಡುತ್ತೆ?"

"ಖಾಯಂ, ಸರ್."

ಆ ಶಬ್ದ ಕಿವಿಗೆ ಬಿದ್ದದ್ದೇ ಪಕ್ಕದ ಕೋಣೆಯಿಂದ ಬೆರಳಚ್ಚುಗಾರ ಎದ್ದು ಬಂದ. ಆತ ಹಂಗಾಮಿಯಾಗಿಯೇ ಮದುವೆಯಾಗಿ, ಹಂಗಾಮಿಯಾಗಿಯೇ ಅಜ್ಜನಾಗಿದ್ದ.

"ನಾವಿಲ್ಲಿ ತಲೆ ನರೆಸ್ಕೊಂಡು ಕೂತಿದೀವಿ. ನಿನ್ನೆ ಮೊನ್ನೆ ಬಂದ ವಿಳಾಸಕ್ಕೆ ಖಾಯಮಾತಿನಾ?"

ಆಕ್ಷೇಪಣೆ ನ್ಯಾಯವಾಗಿತ್ತು. ಸಮಿತಿ ರಚನೆಯಾಯಿತು. ವಿಳಾಸವು ಪ್ರತಿ ಸಂಜೆ ಹೇಳದೆ ಕೇಳದೆ ಗೈರಾಗುವುದನ್ನು ಸಮಿತಿ ಗಂಭೀರವಾಗಿ ಪರಿಗಣಿಸಿ, ಎಚ್ಚರಿಕೆ ನೀಡಿ ಮನ್ನಿಸಿತು. ಇಂಥ ವಿಳಾಸಗಳಿಗೆ ಗಣಕಯಂತ್ರದ ಪುಸ್ತಕದಲ್ಲಿ 'ಪರಿಸರ ಚರ' ಎಂಬ ಹೆಸರಿದ್ದುದರಿಂದ ಪರಿಸರ ಇಲಾಖೆಯ ಅನುಮತಿಯೂ ಬೇಕಾಯಿತು. ಅವರು ಒಂದು ಸಸಿ ನೆಡುವ ಷರತ್ತಿನ ಮೇಲೆ ಒಪ್ಪಿದರು. ಸಸಿಯನ್ನು ಪ್ರಿಂಟರಿನ ಪಕ್ಕ ಇಡಲಾಯಿತು. ಇನ್ನು ಬೆರಳಚ್ಚುಗಾರ: "ಇದೊಂದು ಆಗ್ಲಿ, ಆಮೇಲೆ ನಿಮ್ದೇ" ಎಂದು ಅಧೀಕ್ಷಕರು ಹೆಗಲು ತಟ್ಟಿದ ಮೇಲೆ ಆತ ಆಕ್ಷೇಪಣೆ ಹಿಂದೆಗೆದುಕೊಂಡ.

ಆದೇಶ ಹೊರಟ ಸಂಜೆ ಆಕೆಯ ಅತ್ತೆ ಬಟ್ಟೆ ಮಡಿಸುತ್ತಾ ಕೇಳಿದರು. "ಖಾಯಂ ಆಯ್ತಂತೆ?"

"ಆಯ್ತು ಅತ್ತೆ. ನನ್ನದಲ್ಲ, ನಾನು ದಿನಾ ಟೈಪ್ ಮಾಡ್ತಿದ್ನಲ್ಲ, ಅದು."

"ಹಾಗಾದ್ರೆ ನಾಳೆಯಿಂದ ನಿನಗೇನು ಕೆಲಸ?"

ಆಕೆ ಅದನ್ನು ಯೋಚಿಸಿರಲೇ ಇಲ್ಲ. ಅಂದು ರಾತ್ರಿ ನೇಮಕಾತಿ ಆದೇಶವನ್ನು ತೆಗೆದು ಓದಿದಳು; ಅದರಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಆದರೆ ಆದೇಶ ಹೊರಡುವಷ್ಟರಲ್ಲಿ ಕಂಪೈಲರಿನ ಹೊಸ ಆವೃತ್ತಿ ಬಂದು ಬೇರೆ ಫೋಲ್ಡರಿನಲ್ಲಿ ಕೂತಿತ್ತು. ಬೆಳಿಗ್ಗೆ ಯಂತ್ರವು ಖಾಯಂ ವಿಳಾಸಕ್ಕೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ವರದಿ ಮಾಡಿತು.

"ಸರ್, ಹಳೇ ಸಾಲು ಅಳಿಸಿ ಹೊಸದು ಬರೀಲಾ?"

"ಅಳಿಸೋದಾ! ಖಾಯಂ ಆದವರನ್ನ ಹಾಗೆಲ್ಲ ತೆಗೆಯೋಕಾಗುತ್ತಾ?"

"ಅದು ಕೆಲಸ ಮಾಡ್ತಿಲ್ಲ, ಸರ್."

ಅಧೀಕ್ಷಕರಿಗೆ ತಲೆಬುಡ ತಿಳಿಯಲಿಲ್ಲ. "ಖಾಯಂ ಆಗಿದೆ ಅಂತೀಯ, ಕೆಲಸ ಮಾಡ್ತಿಲ್ಲ ಅಂತೀಯ. ಇದ್ರಲ್ಲಿ ದೂರು ಏನು?"

ಹೊಸ ವಿಳಾಸವನ್ನು ದಿನಾ ಬೆಳಿಗ್ಗೆ ಟೈಪಿಸಲು ಆಕೆಯ ಹಂಗಾಮಿ ನೇಮಕ ಮುಂದುವರಿಯಿತು. ಆಕೆಗೆ ಹೋದ ಜೀವ ಬಂದಂತಾಯಿತು. ವರ್ಷದ ಕೊನೆಗೆ ಹಳೆಯ ವಿಳಾಸಕ್ಕೆ, ಕಪ್ಪುಚುಕ್ಕೆಯಿಲ್ಲದ ಸೇವೆಗಾಗಿ, ಬಡ್ತಿ ಸಿಕ್ಕಿತು. ಅಭಿನಂದನಾ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರಳಚ್ಚುಗಾರ ಎಲ್ಲರಿಗಿಂತ ಜೋರಾಗಿ ತಟ್ಟಿದ.